ಕಪ್ಪು ಕಾರು, ಮೈಕ್ರಾನ್ ಲೆಕ್ಕ

ಸೆಕೆಂಡ್ ಹ್ಯಾಂಡ್ ಕಪ್ಪು ಕಾರನ್ನು ಮೋಡ ಮುಸುಕಿದ ಹೊತ್ತಿನಲ್ಲಿ ನೋಡಿ ಅಡ್ವಾನ್ಸ್ ಕೊಡಬೇಡಿ. ಒಂದು ಸಲ ಸುಡುಬಿಸಿಲಿನಲ್ಲಿ ನೋಡಿ. ಇನ್ನೊಂದು ಸಲ ರಾತ್ರಿ ಪೆಟ್ರೋಲ್ ಬಂಕಿನ ಬಿಳಿ ದೀಪಗಳ ಕೆಳಗೆ ನಿಲ್ಲಿಸಿ, ಬಾನೆಟ್ಟಿನ ಪಕ್ಕದಿಂದ ಬಗ್ಗಿ ನೋಡಿ. ದೀಪದ ಪ್ರತಿಬಿಂಬದ ಸುತ್ತ ಕೂದಲೆಳೆಯಷ್ಟು ಸಣ್ಣ ಗೀರುಗಳು ಉಂಗುರ ಉಂಗುರವಾಗಿ ಕಂಡರೆ ಅವೇ ಸ್ವರ್ಲ್ ಮಾರ್ಕ್. ಈ ವಾರ ಅವುಗಳನ್ನು ತೆಗೆಯುವ ಮಾತು, ಅದಕ್ಕಿಂತ ಹೆಚ್ಚಾಗಿ ಎಲ್ಲಿ ನಿಲ್ಲಿಸಬೇಕು ಎಂಬ ಮಾತು.

ಉಂಗುರ ಕಂಡ ಕೂಡಲೇ ಯಾರೋ ಬಟ್ಟೆಯನ್ನು ಗುಂಡಗೆ ತಿರುಗಿಸಿ ಉಜ್ಜಿದ್ದಾರೆ ಅನ್ನಿಸುತ್ತದೆ. ಹಾಗಿರಬೇಕಿಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಬೆಳಕು ಬರುವ ದಿಕ್ಕಿಗೆ ಅಡ್ಡವಾಗಿರುವ ಗೀರು ಮಾತ್ರ ಅದನ್ನು ನಮ್ಮ ಕಣ್ಣಿನ ಕಡೆ ತಿರುಗಿಸುತ್ತದೆ, ಉಳಿದವು ಬೇರೆಡೆಗೆ ಚೆಲ್ಲುತ್ತವೆ. ಆದ್ದರಿಂದ ದೀಪದ ಸುತ್ತ ವೃತ್ತ ಕಾಣುತ್ತದೆ. ನೀವು ಎರಡು ಹೆಜ್ಜೆ ಸರಿದರೆ ವೃತ್ತವೂ ನಿಮ್ಮ ಜೊತೆಗೆ ಸರಿಯುತ್ತದೆ. ಹಳೆಯ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಓರೆಯಾಗಿ ಹಿಡಿದರೂ ಇದೇ ಕಾಣುತ್ತದೆ. ಬಿಳಿ ಕಾರಿಗೂ ಇಷ್ಟೇ ಗೀರುಗಳಿರುತ್ತವೆ. ಆದರೆ ಬಿಳಿ ಬಣ್ಣ ತಾನೇ ಬೆಳಕು ಚೆಲ್ಲುವುದರಿಂದ ಗೀರಿನ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನೆಲ್ಲ ನುಂಗಿಬಿಡುತ್ತದೆ, ಗೀರು ಒಂದೇ ಮಿನುಗುತ್ತದೆ. ಚೆನ್ನಾಗಿ ಇಟ್ಟುಕೊಂಡ ಕಪ್ಪಿಗೆ ಸಮನಾದ ಬಣ್ಣ ಇನ್ನೊಂದಿಲ್ಲ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ: ಅದರಲ್ಲಿ ಬಣ್ಣ ಕಾಣುವುದಿಲ್ಲ, ಎದುರಿನ ಮರ, ಮೋಡ, ದೀಪದ ಕಂಬ ಕಾಣುತ್ತವೆ.

ಗೀರು ಇರುವುದು ಕಪ್ಪು ಬಣ್ಣದಲ್ಲಲ್ಲ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟಿನಲ್ಲಿ. ಅಂಬಾಸಡರ್, ಪದ್ಮಿನಿಗಳ ಕಾಲದ ಬಣ್ಣಕ್ಕೆ ಈ ಪದರ ಇರಲಿಲ್ಲ. ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಈಗಿನ ಕಾರಿನಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸುಮಾರು 100ರಿಂದ 130 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40ರಿಂದ 50. ನಮ್ಮ ತಲೆಗೂದಲು ಹತ್ತಿರ ಹತ್ತಿರ 70 ಮೈಕ್ರಾನ್ ದಪ್ಪ ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ನೇರಳಾತೀತ ಕಿರಣಗಳನ್ನು ತಡೆಯುವ ರಾಸಾಯನಿಕಗಳಿರುವುದೂ ಈ ತೆಳು ಪದರದಲ್ಲೇ.

ಪಾಲಿಶ್ ಎಂದರೆ ಕಾರಿಗೆ ಏನನ್ನೋ ಹಚ್ಚುವುದು ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಪಾಲಿಶ್ ತೆಗೆಯುವ ಕೆಲಸ. ಅದರಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ನುಣ್ಣನೆಯ ಪುಡಿ ಗೀರಿನ ಎರಡು ದಡಗಳನ್ನು ಸವೆಸುತ್ತಾ ಸವೆಸುತ್ತಾ ಅದರ ತಳದ ಮಟ್ಟಕ್ಕೆ ತರುತ್ತದೆ. ಪ್ರತಿ ಸಲವೂ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಹಳೆಯ ಕಾರಿನಲ್ಲಿ ಹಿಂದಿನ ಮಾಲೀಕರು ಎಷ್ಟು ಸಲ ರಬ್ಬಿಂಗ್ ಮಾಡಿಸಿದ್ದಾರೋ ನಮಗೆ ತಿಳಿಯುವುದಿಲ್ಲ. ಅದಕ್ಕೇ ಯಂತ್ರ ಹಿಡಿಯುವ ಮುನ್ನ ಪೇಂಟ್ ಗೇಜ್ ಇಟ್ಟು ಅಳೆಯಬೇಕು. ಒಂದು ಬಾಗಿಲು 110, ಪಕ್ಕದ್ದು 230 ತೋರಿಸಿದರೆ ಎರಡನೆಯದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಅಳತೆ ಅದಕ್ಕೂ ಬಹಳ ಮೇಲೆ ಹೋದರೆ ಒಳಗೆ ಪುಟ್ಟಿ ಇದೆ. ಎಲ್ಲ ಕಡೆ 80 ಬಂದರೆ ಆ ಕಾರನ್ನು ನಾನು ಮುಟ್ಟುವುದಿಲ್ಲ. ಗೇಜು ಕೊಡುವುದು ಒಟ್ಟು ದಪ್ಪವನ್ನು, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂಬುದನ್ನಲ್ಲ. ಆದ್ದರಿಂದ ಅಂದಾಜು ಯಾವಾಗಲೂ ಕಡಿಮೆ ಕಡೆಗೇ ಇರಲಿ.

ಮಾರುವವರು ಹಚ್ಚಿಸಿದ ಹೊಳಪನ್ನು ನಂಬಬೇಡಿ. ತಂಗಿಯ ಮಗ ಕೊಂಡ ಕಪ್ಪು ಸೆಡಾನ್ ಅಂಗಳದಲ್ಲಿ ಫಳಫಳ ಅನ್ನುತ್ತಿತ್ತು. ಮನೆಗೆ ಬಂದು ಕೆಲವು ಸಲ ಶಾಂಪೂ ಬಿದ್ದ ಮೇಲೆ ಗೀರುಗಳೆಲ್ಲ ಎದ್ದವು. ಎಣ್ಣೆ, ಸಿಲಿಕಾನ್ ಬೆರೆಸಿದ ಗ್ಲೇಜ್ ಗೀರಿನೊಳಗೆ ತುಂಬಿಕೊಂಡು ಅದನ್ನು ಮರೆಸುತ್ತದೆ, ತೊಳೆದಂತೆ ಹೊರಟುಹೋಗುತ್ತದೆ. ಇನ್ನೊಂದು ಬಗೆಯ ಹಾನಿ ಇದಕ್ಕಿಂತ ಕೆಟ್ಟದ್ದು. ಉಣ್ಣೆಯ ಪ್ಯಾಡ್ ಕಟ್ಟಿದ ರೋಟರಿ ಯಂತ್ರದಲ್ಲಿ ದಪ್ಪ ಕಾಂಪೌಂಡ್ ಹಾಕಿ ಅರ್ಧ ಗಂಟೆಯಲ್ಲಿ ಇಡೀ ಕಾರು ಮುಗಿಸಿದರೆ, ಬಿಸಿಲಿನಲ್ಲಿ ಅಗಲ ಅಗಲ ಪಟ್ಟೆಗಳು ಕಾರಿನ ಜೊತೆ ಚಲಿಸುತ್ತವೆ. ಅದಕ್ಕೆ ಹೊಲೋಗ್ರಾಮ್ ಎನ್ನುತ್ತಾರೆ. ಗೀರು ತೆಗೆಯಲು ಹೋಗಿ ಹೊಸ ಗೀರು ಕೊಟ್ಟಂತೆ.

ಕಪ್ಪಿಗೆ ನಾನು ಒಪ್ಪುವ ಯಂತ್ರ ಡ್ಯುಯಲ್ ಆಕ್ಷನ್. ಪ್ಯಾಡು ತಿರುಗುತ್ತಲೇ ಅತ್ತಿತ್ತ ಅಲುಗುವುದರಿಂದ ಬಿಸಿ ಒಂದೇ ಕಡೆ ಕೂಡುವುದಿಲ್ಲ. ಒತ್ತಡ ಜಾಸ್ತಿಯಾದರೆ ಪ್ಯಾಡು ತಿರುಗುವುದನ್ನೇ ನಿಲ್ಲಿಸುತ್ತದೆ. ಅದು ಕಣ್ಣಿಗೆ ಗೊತ್ತಾಗಲಿ ಎಂದು ಹಿಂಬದಿ ತಟ್ಟೆಯ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಅದಕ್ಕೂ ಮುಂಚಿನ ಸಿದ್ಧತೆ ಎಲ್ಲರಿಗೂ ಗೊತ್ತಿರುವಂಥದ್ದು: ಚೆನ್ನಾಗಿ ತೊಳೆಯುವುದು, ಬ್ರೇಕಿನ ಕಬ್ಬಿಣದ ಪುಡಿಯನ್ನು ನೇರಳೆ ಬಣ್ಣಕ್ಕೆ ತಿರುಗಿಸಿ ಕರಗಿಸುವ ದ್ರವ ಸಿಂಪಡಿಸುವುದು, ಜಾರುವಷ್ಟು ಶಾಂಪೂ ನೀರು ಹಾಕಿ ಕ್ಲೇ ಬಾರ್ ಎಳೆಯುವುದು, ರಬ್ಬರ್ ಅಂಚುಗಳಿಗೆ ಟೇಪ್ ಅಂಟಿಸುವುದು. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಎಷ್ಟೇ ಬೆಲೆಯದಾದರೂ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಪರೀಕ್ಷೆಗೆ. ಬಾನೆಟ್ಟಿನ ಮೇಲೆ ಅರ್ಧ ಮೀಟರ್ ಉದ್ದಗಲದ ಒಂದು ಚೌಕ ಆರಿಸಿಕೊಳ್ಳಿ. ಮೊದಲು ಮೆತ್ತನೆಯ ಫೋಮ್ ಪ್ಯಾಡು, ನುಣ್ಣನೆಯ ಪಾಲಿಶ್. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಅರ್ಧರ್ಧ ಮೇಲೆ ಬೀಳುವಂತೆ ನಿಧಾನವಾಗಿ ಎಳೆಯಿರಿ. ಒರೆಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎಣ್ಣೆಯಂಶ ತೆಗೆದು, ಟಾರ್ಚ್ ಬಿಟ್ಟು ನೋಡಿ. ಈ ಒರೆಸುವಿಕೆಯನ್ನು ತಪ್ಪಿಸಿದರೆ ಎಣ್ಣೆ ತುಂಬಿದ ಗೀರನ್ನೇ ಹೋದ ಗೀರೆಂದು ಎಣಿಸಬೇಕಾಗುತ್ತದೆ. ಗೀರು ಉಳಿದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲಿನ ಪ್ಯಾಡು, ಆಮೇಲೆ ಒಂದು ಮೆಟ್ಟಿಲು ಮೇಲಿನ ಕಾಂಪೌಂಡ್. ಜಪಾನೀ ಕಾರುಗಳ ಕ್ಲಿಯರ್ ಕೋಟ್ ಮೃದು, ಜರ್ಮನ್ ಕಾರುಗಳದ್ದು ಗಟ್ಟಿ ಎಂದು ಈ ಕೆಲಸದವರು ಹೇಳುತ್ತಾರೆ. ಅದು ಬಹುಮಟ್ಟಿಗೆ ನಿಜವಾದರೂ ನಿಮ್ಮ ಕಾರಿನ ಉತ್ತರ ಆ ಚೌಕದಲ್ಲೇ ಸಿಗಬೇಕು. ಮೃದುವಾದ ಕಪ್ಪಿನಲ್ಲಿ ಕಾಂಪೌಂಡ್ ಬಿಟ್ಟುಹೋದ ಮಂಜನ್ನು ತೆಗೆಯಲು ಕೊನೆಗೊಂದು ಫಿನಿಶಿಂಗ್ ಸುತ್ತು ಬೇಕೇ ಬೇಕು, ಒರೆಸಲು ಹೊಸ ಮೈಕ್ರೋಫೈಬರ್ ಬೇಕು, ಅದರ ಅಂಚಿನ ಲೇಬಲ್ಲನ್ನು ಕತ್ತರಿಸಿರಬೇಕು. ಬಾನೆಟ್ಟಿನ ಮಡಿಕೆಗಳು, ಬಾಗಿಲಿನ ಅಂಚುಗಳು ಇವುಗಳ ಮೇಲೆ ಯಂತ್ರ ನಿಲ್ಲಬಾರದು. ಪ್ಯಾಡಿಗೆ ಕಪ್ಪು ಹತ್ತಿತೆಂದರೆ ತಕ್ಷಣ ನಿಲ್ಲಿಸಿ: ಒಂದೋ ಕ್ಲಿಯರ್ ಕೋಟ್ ಮುಗಿದಿದೆ, ಇಲ್ಲವೇ ಆ ಭಾಗಕ್ಕೆ ಯಾರೋ ಕ್ಲಿಯರ್ ಇಲ್ಲದ ಬಣ್ಣ ಹೊಡೆದಿದ್ದಾರೆ.

ಉಗುರು ಆಡಿಸಿದಾಗ ತಡೆಯುವ ಗೀರನ್ನು ಬಿಟ್ಟುಬಿಡಿ. ಹತ್ತರಲ್ಲಿ ಎಂಟು ಗೀರು ಹೋದ ಕಪ್ಪು ಕಾರು ಸಂಜೆ ಬಿಸಿಲಿನಲ್ಲಿ ಮನಸ್ಸು ತುಂಬುವ ಹಾಗೆ ಕಾಣುತ್ತದೆ. ಉಳಿದ ಎರಡಕ್ಕಾಗಿ ಕ್ಲಿಯರ್ ಕೋಟಿನ ಆಯಸ್ಸನ್ನೇ ಕೊಡುವುದು ನನ್ನ ಮಟ್ಟಿಗೆ ತಪ್ಪು.

ಮೇಲಿನ ರಕ್ಷಣೆಗೆ ಬ್ರೆಜಿಲಿನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣವೂ ಇದೆ, ಸೆರಾಮಿಕ್ ಕೋಟಿಂಗೂ ಇದೆ. ಮೇಣ ಕಪ್ಪಿಗೆ ಆಳ ಕೊಡುತ್ತದೆ, ಆದರೆ ನಮ್ಮ ಬಿಸಿಲು ಮಳೆಗೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಸೆರಾಮಿಕ್ ಹಾಕಿಸಿದರೆ ಗೀರೇ ಬೀಳುವುದಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ಜಾಹೀರಾತಿನ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆ. ಅಷ್ಟು ಗಟ್ಟಿಯಾದ ಪೆನ್ಸಿಲ್ಲು ಗೀರುವುದಿಲ್ಲ ಎಂದಷ್ಟೇ ಅರ್ಥ. ರಸ್ತೆಯ ಧೂಳಿನಲ್ಲಿರುವ ಮರಳು ಬಹುಪಾಲು ಸ್ಫಟಿಕ ಶಿಲೆಯ ಪುಡಿ. ಖನಿಜಗಳ ಗಡಸುತನದ ಮೋಸ್ ಮಾಪಕದಲ್ಲಿ ಅದು 7, ಅಂದರೆ ಗಾಜಿಗಿಂತಲೂ ಗಟ್ಟಿ.

ಆ ಮರಳಿನ ಮೇಲೆ ದಿನವೂ ಬೆಳಿಗ್ಗೆ ಒಂದು ಬಟ್ಟೆ ಓಡಾಡುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಒಂದು ಬಕೆಟ್, ಒಂದು ಬಟ್ಟೆ, ಸಾಲು ಸಾಲು ಕಾರು. ಅರ್ಧ ಒಣ, ಅರ್ಧ ಒದ್ದೆ. ಧೂಳಿನ ಮೇಲೆ ಎಳೆದ ಕಾರ್ ಕವರೂ ಅದೇ ಕೆಲಸ ಮಾಡುತ್ತದೆ, ಗರಿಯ ಡಸ್ಟರೂ ಅಷ್ಟೆ. ಒರೆಸುವವರ ತಪ್ಪಲ್ಲ ಇದು. ಬೆಳಕು ಹರಿಯುವ ಮೊದಲು ಎದ್ದು ಬರುವ ಅವರಿಗೆ ನಾವು ಕೊಡುವ ಸಂಬಳದಲ್ಲಿ, ಕೊಡುವ ನೀರಿನಲ್ಲಿ ಬೇರೆ ದಾರಿಯಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ನೆನಪಿರಬಹುದು. ಪೈಪು ಹಿಡಿದು ತೊಳೆಯಿರಿ ಎಂದು ಈ ಊರಿನಲ್ಲಿ ಹೇಳುವುದು ಸರಿಯೂ ಅಲ್ಲ. ರಿನ್ಸ್‌ಲೆಸ್ ವಾಶ್ ಎಂಬ ದ್ರವ ಈಗ ಇಲ್ಲೂ ಸಿಗುತ್ತದೆ. ಒಂದು ಬಕೆಟ್ ನೀರಿಗೆ ಸ್ವಲ್ಪ ಹಾಕಿದರೆ ಅದರ ಪಾಲಿಮರುಗಳು ಧೂಳಿನ ಕಣವನ್ನು ಸುತ್ತಿಕೊಂಡು ಬಣ್ಣದ ಮೇಲೆ ಉಜ್ಜದಂತೆ ಎತ್ತಿಕೊಳ್ಳುತ್ತವೆ. ಮೊದಲು ಅದನ್ನೇ ಸಿಂಪಡಿಸಿ ಧೂಳು ನೆನೆಸಿ, ಒಂದೊಂದು ಭಾಗಕ್ಕೂ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ, ಒಂದೇ ದಿಕ್ಕಿಗೆ ಎಳೆದರೆ ಸಾಕು, ಮತ್ತೆ ನೀರು ಸುರಿಯಬೇಕಿಲ್ಲ. ಕೆಸರು ಮೆತ್ತಿದ ಕಾರಿಗೆ ಇದು ಆಗದು. ಅದಕ್ಕೆ ಸಂಸ್ಕರಿಸಿದ ನೀರು ಬಳಸುವ ವಾಟರ್ ಸರ್ವೀಸ್ ಹುಡುಕಿ.

ಪಾಲಿಶ್ ಮಾಡುವವರಿಗೆ ಫೋನ್ ಮಾಡುವ ಮೊದಲು ನಿಮ್ಮ ಕಾರು ಒರೆಸುವವರನ್ನು ಕರೆದು ಮಾತಾಡಿ. ಆ ದ್ರವದ ಬಾಟಲಿ, ಕಪ್ಪು ಕಾರಿಗೆಂದೇ ಮೀಸಲಾದ ಐದಾರು ಮೈಕ್ರೋಫೈಬರ್ ಬಟ್ಟೆ ಕೊಡಿ. ದಿನವೂ ಬೇಡ, ವಾರಕ್ಕೊಮ್ಮೆ ಸಾಕು, ಸಂಬಳ ಕಡಿಮೆ ಮಾಡುವುದಿಲ್ಲ ಎಂದು ಹೇಳಿ. ಅಷ್ಟು ಏರ್ಪಾಡು ಆಗುವವರೆಗೆ ಯಂತ್ರದ ಪಾಲಿಶ್ ಮಾಡಿಸಬೇಡಿ.