ಕೆರೆಗೆ ಯೋಜನೆ ಇದೆ, ಹೊಳೆಗಿಲ್ಲ

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ಮೂರಕ್ಕೂ ನಂದಿಬೆಟ್ಟದ ಸಾಲೇ ತವರು. ಆ ತವರಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸರ್ಕಾರ ನೀರು ತರುತ್ತಲೇ ಇದೆ. ಆದರೆ ಹೊಳೆಯನ್ನು ಹೊಳೆಯಾಗಿ ಉಳಿಸುವುದು ಆ ದೊಡ್ಡ ಯೋಜನೆಗಳ ಗುರಿಯಲ್ಲ. ಅವುಗಳ ಮುಖ್ಯ ಕೊರತೆ ಇದೇ.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯನ್ನೇ ನೋಡಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರ್‌ನಂತೆ ಹರಿಸಿ 65 ಕೆರೆ ತುಂಬಿಸುವ ಉದ್ದೇಶ ಅದರದು. ಒಣಗಿದ್ದ ಕಂದವಾರ ಕೆರೆಯಲ್ಲಿ ನೀರು ನಿಂತಿದ್ದು ಸಣ್ಣ ಸಾಧನೆಯಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ರೈತನ ಮುಂದೆ ಅದನ್ನು ಹಗುರವಾಗಿ ಮಾತಾಡಬಾರದು. ಆದರೂ ಎರಡನೇ ಹಂತದ ಸಂಸ್ಕರಣೆಗೇ ನಿಲ್ಲಿಸಿದ ನೀರನ್ನು ಅಂತರ್ಜಲಕ್ಕೆ ಇಂಗಿಸುವುದು ಸರಿಯಲ್ಲ. ಮೂರನೇ ಹಂತ ಬೇಕೆಂಬ ಜಿಲ್ಲೆಯ ಹೋರಾಟಗಾರರ ಒತ್ತಾಯ ನ್ಯಾಯವಾದದ್ದು.

ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿದ್ದದ್ದು ಇಲ್ಲಿನ ಮುದ್ದೇನಹಳ್ಳಿಯಲ್ಲೇ. ಸಕಲೇಶಪುರದ ಕಾಡಿನ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತುವ ಲೆಕ್ಕ ಅದರದು. ಒಂದು ಸೀಮೆಯ ಬಾಯಾರಿಕೆ ತಣಿಸಲು ಇನ್ನೊಂದು ಸೀಮೆಯ ನೇತ್ರಾವತಿಯ ಮೂಲಕ್ಕೇ ಕೈ ಹಾಕಿದಂತಾಯಿತು. ಇದೇ ರಾಜ್ಯದ ಸರ್ಕಾರ ಉತ್ತರ ಕನ್ನಡದ ಅಘನಾಶಿನಿ, ಬೇಡ್ತಿ ಕಣಿವೆಗಳಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿದೆ. ಕಾಡಿನ ನಡುವೆ ಹರಿಯುವ ಹೊಳೆಗೆ ಸಿಕ್ಕ ಆ ಕಾವಲು ಬಯಲುಸೀಮೆಯ ಹೊಳೆಗೆ ಸಿಕ್ಕಿಲ್ಲ.

ವಿದುರಾಶ್ವತ್ಥದ ಬಳಿ ಉತ್ತರ ಪಿನಾಕಿನಿಯ ಪಾತ್ರಕ್ಕಿಳಿದರೆ ಏನನ್ನು ಕಾಯಬೇಕೆಂಬುದು ತಿಳಿಯುತ್ತದೆ. ಇಂಥ ಹೊಳೆಯ ಜೀವ ಇರುವುದು ಮರಳಿನಲ್ಲಿ. ಮಳೆಗಾಲದ ಪ್ರವಾಹವನ್ನು ಮರಳು ಹೀರಿಟ್ಟುಕೊಂಡು, ದಡದ ಬಾವಿಗಳಿಗೆ ತಿಂಗಳುಗಟ್ಟಲೆ ಬಿಟ್ಟುಕೊಡುತ್ತದೆ. ಹೊಳೆಯ ಮರಳು ಬಗೆದು ಒರತೆ ತೆಗೆದು, ತಲಪರಿಗೆ ಎಂಬ ಆ ಒರತೆಗಳಿಂದ ಕಾಲುವೆ ಎಳೆದು ಗದ್ದೆಗೆ ನೀರು ಹಾಯಿಸಿದ ಜನ ಇದೇ ಕಣಿವೆಯವರು. ಆ ಮರಳನ್ನು ಲಾರಿಗೆ ತುಂಬಿಸಿ ಕಳಿಸಿದ ಮೇಲೆ ಬಂದ ಪ್ರವಾಹ ಬಂದಂತೆಯೇ ಹರಿದು ಹೋಗುತ್ತದೆ.

ಹಾಗಾಗಿ ಹೊಳೆಯ ಅಗಲವನ್ನು ಸರ್ವೆ ಮಾಡಿಸಿ ಎರಡೂ ದಡಕ್ಕೆ ಗಡಿಕಲ್ಲು ನೆಡಬೇಕು. ಪಾತ್ರದ ಮರಳಿಗೆ ಕೈ ಹಾಕುವುದನ್ನು ನಿಲ್ಲಿಸಬೇಕು. ಬೆಟ್ಟದಿಂದ ಕೆರೆಗೂ, ಕೆರೆ ಕೋಡಿಯಿಂದ ಹೊಳೆಗೂ ಇರುವ ಕಾಲುವೆಗಳ ಒತ್ತುವರಿ ತೆರವು ಮಾಡಬೇಕು. ಪೈಪಿನ ಯೋಜನೆಗಳ ಮುಂದೆ ಇದರ ಖರ್ಚು ಅತ್ಯಲ್ಪ. ಇಷ್ಟನ್ನೂ ಮಾಡದೆ ದೂರದ ನೀರಿಗೆ ಸಾವಿರಾರು ಕೋಟಿ ಸುರಿಯುವುದನ್ನು ಜಲಸಂರಕ್ಷಣೆ ಎಂದು ಒಪ್ಪಲಾಗದು.