ಪಾಠಾಂತರವೆಂಬ ಆಟ: ಅಭಿಮಾನಿಗಳ ಮರುನಿರ್ಮಾಣಗಳನ್ನು ಕುರಿತು

ತೊಂಬತ್ತರ ದಶಕದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕಂದಲಗಾಂವದಂಥ ಊರುಗಳಿಗೆ ವಿಡಿಯೊ ಗೇಮು ಬಂದದ್ದೇ ನಕಲಿನ ರೂಪದಲ್ಲಿ. ಟಿ.ವಿ.ಗೆ ಜೋಡಿಸುವ ಆ ಯಂತ್ರ ನಿಂಟೆಂಡೊ ಕಂಪನಿಯದಲ್ಲ, ಅದರ ಅಗ್ಗದ ಪಡಿಯಚ್ಚು. ಕ್ಯಾಸೆಟ್ಟಿನೊಳಗಿನ ಮಾರಿಯೊ, ಕಾಂಟ್ರಾಗಳೂ ಕಳ್ಳಪ್ರತಿಗಳೇ. ಮೂಲದ ಮುಖ ಕಾಣದೆ ಆಟ ಕಲಿತ ನಮಗೆ, ಹಳೆಯ ಆಟಗಳನ್ನು ಅಭಿಮಾನಿಗಳು ಹೊಸದಾಗಿ ಕಟ್ಟುವುದೂ ಅದೇ ಜಾತಿಯ ಕೆಲಸವೆಂದು ತೋರುವುದು ಸಹಜ. ಈ ಎಣಿಕೆ ತಪ್ಪು. ನಕಲು ಯಂತ್ರ ಮಾಡಿದ್ದು ಮೂಲದ ಮಾರಾಟ. ಒಳ್ಳೆಯ ಮರುನಿರ್ಮಾಣ ಮಾಡುವುದು ಮೂಲದ ವ್ಯಾಖ್ಯಾನ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಿಲ್ಲ. ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನವರು. ಆಮೇಲೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗರು, ಗೂಳೂರ ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ನಮ್ಮ ಸೊನ್ನಲಿಗೆಯ ಸಿದ್ಧರಾಮನ ದೀಕ್ಷೆಯ ಪ್ರಸಂಗ ಈ ನಾಲ್ಕರಲ್ಲೂ ಒಂದೇ ಬಗೆಯಾಗಿಲ್ಲ. ಹಿಂದಿನವರಿಗೆ ಸಾಕೆನಿಸಿದ್ದು ಮುಂದಿನವರಿಗೆ ಕೊರತೆಯಾಗಿ ಕಂಡಿತು. ಆ ಅಸಮಾಧಾನದಿಂದಲೇ ಹೊಸ ಪಾಠ ಹುಟ್ಟಿತು. (ಆಟಕ್ಕೂ ಶಾಸ್ತ್ರಕ್ಕೂ ಎಲ್ಲಿಯ ಸಾಟಿ ಎಂದು ಹುಬ್ಬೇರಿಸುವವರಿಗೆ: ಇಲ್ಲಿ ಹೋಲಿಸುತ್ತಿರುವುದು ಕೆಲಸದ ಕ್ರಮವನ್ನು ಮಾತ್ರ.)

1998ರ ‘ಹಾಫ್ ಲೈಫ್’ ಆಟದ ಕೊನೆಯ ಭಾಗ ‘ಝೆನ್’ ಎಂಬ ಅನ್ಯಲೋಕ. ತೇಲುವ ಬಂಡೆಗಳ ಮೇಲಿನ ಜಿಗಿತವೇ ಹೆಚ್ಚಾಗಿರುವ ಆ ಭಾಗ ಅವಸರದ್ದೆಂಬ ಆಕ್ಷೇಪ ಹಳೆಯದು. ‘ಬ್ಲ್ಯಾಕ್ ಮೇಸಾ’ ತಂಡದ ಅಭಿಮಾನಿಗಳು 2012ರಲ್ಲಿ ತಮ್ಮ ಮರುನಿರ್ಮಾಣವನ್ನು ಹೊರತಂದಾಗ ಝೆನ್ ಅನ್ನು ಸೇರಿಸಲೇ ಇಲ್ಲ. ಮೂಲ ಕಂಪನಿ ವಾಲ್ವ್‌ನ ಒಪ್ಪಿಗೆಯೊಂದಿಗೆ 2020ರಲ್ಲಿ ಪೂರ್ಣ ರೂಪ ಬಂದಾಗ ಆ ಲೋಕ ಕಾಡು, ಜೌಗುಗಳಿಂದ ತುಂಬಿ ಗುರುತು ಸಿಗದಷ್ಟು ಬೆಳೆದಿತ್ತು. ನನ್ನ ಮಟ್ಟಿಗೆ ಅದು ತುಸು ಅತಿಯಾಗಿಯೇ ಹಿಗ್ಗಿದೆ. ಕೊನೆಯ ಕಾರ್ಖಾನೆಯ ಘಟ್ಟ ದಣಿಸುತ್ತದೆ. ಆದರೂ ಮೂಲದ ದೋಷ ಎಲ್ಲಿತ್ತೆಂಬುದನ್ನು ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ.

1991ರ ‘ಮೆಟ್ರಾಯ್ಡ್ 2’ ಗೇಮ್ ಬಾಯ್‌ನ ಪುಟ್ಟ, ಬಣ್ಣವಿಲ್ಲದ ಪರದೆಗಾಗಿ ಮಾಡಿದ ಆಟ. ನಕ್ಷೆಯಿಲ್ಲದೆ ಗುಹೆಗಳಲ್ಲಿ ದಾರಿ ತಪ್ಪುವುದರಲ್ಲೇ ಅದರ ಭಯವಿತ್ತು. ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ವರ್ಷಗಟ್ಟಲೆ ದುಡಿದು 2016ರ ಆಗಸ್ಟಿನಲ್ಲಿ ಹೊರತಂದ ರೂಪದಲ್ಲಿ ಬಣ್ಣವೂ ನಕ್ಷೆಯೂ ಬಂದವು, ಭಯ ಸ್ವಲ್ಪ ತಗ್ಗಿತು. ನಿಂಟೆಂಡೊ ಕೆಲವೇ ದಿನಗಳಲ್ಲಿ ಹಕ್ಕುಸ್ವಾಮ್ಯದ ನೋಟಿಸು ಕಳಿಸಿ ಹಂಚಿಕೆಯನ್ನು ತಡೆಯಿತು. ಮರುವರ್ಷ ತನ್ನದೇ ಮರುನಿರ್ಮಾಣವನ್ನು 3ಡಿಎಸ್ ಯಂತ್ರಕ್ಕೆ ತಂದಿತು. ಕಂಪನಿಯ ಹಕ್ಕನ್ನು ಅಲ್ಲಗಳೆಯಲಾಗದು. ಆದರೆ ಆ ಯಂತ್ರದ ಆನ್‌ಲೈನ್ ಅಂಗಡಿಯೇ 2023ರ ಮಾರ್ಚಿನಲ್ಲಿ ಮುಚ್ಚಿತು. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್‌ನ ಅಧ್ಯಯನ ಅದೇ ವರ್ಷ ತಿಳಿಸಿತು. ಗೆದ್ದಲು ಹಿಡಿದ ಓಲೆಕಟ್ಟನ್ನು ಪ್ರತಿ ಮಾಡಿದವನಿಗೆ ನಾವು ಕೃತಜ್ಞರಾಗಿದ್ದೇವೆ. ಇಲ್ಲಿ ಅವನಿಗೆ ನೋಟಿಸು.

ಗಡಿನಾಡಿನ ನಮಗೆ ಮುಖ್ಯವಾಗಬೇಕಾದದ್ದು ಇನ್ನೊಂದಿದೆ. ‘ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್’ ಆಟವನ್ನು 2004ರಿಂದ ಮತ್ತೆ ಕಟ್ಟುತ್ತ ಬಂದಿರುವ ‘ಓಪನ್ ಟಿಟಿಡಿ’ಯಲ್ಲಿ ಮಾತುಗಳೆಲ್ಲ ಪ್ರತ್ಯೇಕ ಭಾಷಾ ಕಡತಗಳಲ್ಲಿವೆ, ಸ್ವಯಂಸೇವಕರು ಅವನ್ನು ಹತ್ತಾರು ಭಾಷೆಗಳಿಗೆ ಅನುವಾದಿಸಿದ್ದಾರೆ. ಮುಚ್ಚಿದ ಕ್ಯಾಸೆಟ್ಟಿನಲ್ಲಿ ಇದಕ್ಕೆ ಎಡೆಯಿರಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕಂದಲಗಾಂವದ ಹುಡುಗನೊಬ್ಬ ಅಂಥ ಕಡತವನ್ನು ತೆರೆದು ಕೂತನೆನ್ನಿ. ಮೊದಲ ಸಾಲಿಗೇ ಅವನು ತಡೆಯಬೇಕಾದೀತು: ಬರೆಯಬೇಕಾದದ್ದು ಬೆಂಗಳೂರಿನ ಪಠ್ಯಪುಸ್ತಕದ ಕನ್ನಡವನ್ನೋ, ಮರಾಠಿ ಬೆರೆತ ತನ್ನ ಅವ್ವನ ಕನ್ನಡವನ್ನೋ?