ಗ್ರೀನ್ ಟೀ ಗುಳಿಗೆ: ಲಾಭವೆಷ್ಟು, ಅಪಾಯವೆಷ್ಟು

ಗ್ರೀನ್ ಟೀ ಸಾರದ ಗುಳಿಗೆಯಲ್ಲಿರುವುದು ಚಹಾ ಎಲೆಯ ಕ್ಯಾಟೆಚಿನ್‌ಗಳು. ಅವುಗಳಲ್ಲಿ ಮುಖ್ಯವಾದದ್ದು ಇಜಿಸಿಜಿ. ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಚಹಾ ಎಂದರೆ ಹಾಲು, ಸಕ್ಕರೆ ಹಾಕಿ ಕುದಿಸಿದ್ದು. ಅದರ ಪುಡಿ ತಯಾರಾಗುವಾಗಲೇ ಕ್ಯಾಟೆಚಿನ್‌ನ ಬಹುಪಾಲು ಬೇರೆ ರೂಪ ತಾಳಿರುತ್ತದೆ. ಆದ್ದರಿಂದ ತಲೆಮಾರುಗಳಿಂದ ಚಹಾ ಕುಡಿದದ್ದು ಗುಳಿಗೆಯ ಸುರಕ್ಷತೆಗೆ ಸಾಕ್ಷಿಯಾಗದು.

ಗುಳಿಗೆ ಹೆಚ್ಚಾಗಿ ಮಾರಾಟವಾಗುವುದು ತೂಕ ಇಳಿಸುವ ಹೆಸರಿನಲ್ಲಿ. 2012ರ ಕಾಕ್ರೇನ್ ವಿಮರ್ಶೆ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗ ಕಂಡ ಇಳಿಕೆ ವೈದ್ಯರು ಲೆಕ್ಕಕ್ಕೆ ಹಿಡಿಯದಷ್ಟು ಅಲ್ಪ. ಎಲ್‌ಡಿಎಲ್ ಕೊಲೆಸ್ಟರಾಲ್ ತುಸು ಇಳಿಯುತ್ತದೆ, ಅಷ್ಟೇ.

ಅಪಾಯ ಲಿವರ್‌ಗೆ. ಎಕ್ಸೊಲೀಸ್ ಎಂಬ ತೂಕ ಇಳಿಸುವ ಸಾರವನ್ನು 2003ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಮಾರುಕಟ್ಟೆಯಿಂದ ಹಿಂತೆಗೆದದ್ದು ಇದೇ ಕಾರಣಕ್ಕೆ. ಕುಡಿಯುವ ಗ್ರೀನ್ ಟೀಯಿಂದ ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂ ಇಜಿಸಿಜಿ ಸೇರುತ್ತದೆಂದೂ, ಗುಳಿಗೆಯಲ್ಲಿ 800 ಮಿಲಿಗ್ರಾಂ ಮುಟ್ಟಿದರೆ ಲಿವರ್ ಎಂಜೈಮ್‌ಗಳು ಏರುತ್ತವೆಂದೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. 2022ರಲ್ಲಿ ಅಲ್ಲಿ ಕಾನೂನೇ ಬಂತು: ದಿನದ ಪ್ರಮಾಣ 800ಕ್ಕಿಂತ ಕಡಿಮೆ ಇರಬೇಕು, ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದೆಂದು ಲೇಬಲ್‌ನಲ್ಲಿರಬೇಕು. ಈ ಮಿತಿಯೂ ಪೂರ್ಣ ರಕ್ಷೆಯಲ್ಲ. ಅದರೊಳಗೂ ಲಿವರ್ ಕೆಟ್ಟ ವಿರಳ ಪ್ರಕರಣಗಳಿವೆ. ಎಚ್‌ಎಲ್‌ಎ-ಬಿ 35:01 ಎಂಬ ಆನುವಂಶಿಕ ಗುಣವುಳ್ಳವರಲ್ಲಿ ಈ ಸಂಭವ ಹೆಚ್ಚು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ ಸಾರದ ತೂಕ: 500 ಮಿಲಿಗ್ರಾಂ ಸಾರದಲ್ಲಿ ಶೇ. 50ರಷ್ಟು ಇಜಿಸಿಜಿ ಇದ್ದರೆ ಹೊಟ್ಟೆಗೆ ಹೋಗುವುದು 250.

ಊಟದೊಂದಿಗೆ ನುಂಗಿದರೆ ಇಜಿಸಿಜಿ ರಕ್ತಕ್ಕೆ ಸೇರುವುದು ಕಡಿಮೆ; ಲಿವರ್‌ಗೆ ಅದು ಒಳ್ಳೆಯದು. ಆದರೆ ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಕಬ್ಬಿಣಾಂಶವನ್ನು ಕ್ಯಾಟೆಚಿನ್ ಕಟ್ಟಿಹಾಕುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಯುರೋಪಿನ ಸಲಹೆಯನ್ನು ಈ ತಟ್ಟೆಯ ಮುಂದೆ ಹಾಗೆಯೇ ಒಪ್ಪಿಸುವುದು ಅರೆಬರೆ ಕೆಲಸ. ಇನ್ನು ಶ್ರಾವಣ ಸೋಮವಾರದ ಉಪವಾಸ, ರಂಜಾನ್ ರೋಜಾಗಳಂದು ಖಾಲಿ ಹೊಟ್ಟೆಗೆ ಗುಳಿಗೆ ನುಂಗುವುದಂತೂ ಕೂಡದು. ರಕ್ತದೊತ್ತಡದ ನಾಡೊಲಾಲ್ ಗುಳಿಗೆಯ ಪರಿಣಾಮವನ್ನೂ ಗ್ರೀನ್ ಟೀ ತಗ್ಗಿಸುತ್ತದೆ.

ಮೂತ್ರ ಕಡುಹಳದಿಯಾದರೆ, ಕಣ್ಣು ಹಳದಿಗಟ್ಟಿದರೆ ಗುಳಿಗೆ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು. ನಿಲ್ಲಿಸಿದ ಮೇಲೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಲಿವರ್ ಕಸಿಯವರೆಗೆ ಹೋದವರೂ ಇದ್ದಾರೆ. ಕಾಮಾಲೆಯೆಂದು ನಾಟಿ ಮದ್ದು ಹುಡುಕುತ್ತ ಗುಳಿಗೆಯನ್ನೂ ಮುಂದುವರಿಸಿದರೆ ಹಾನಿ ಬೆಳೆಯುತ್ತದೆ. ಭಾರತದ ನಿಯಮದಂತೆ ಇಂಥ ಪೂರಕಗಳ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಸೂಚನೆ ಇರುತ್ತದೆ. ಹೀಗಾಗಿ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ವೈದ್ಯರು ಕೇಳಿದಾಗ ಈ ಡಬ್ಬಿಯ ಹೆಸರು ಸುಲಭವಾಗಿ ಬಿಟ್ಟುಹೋಗುತ್ತದೆ.